ಮುಳುಗುವ ಬೋರ್ಡಿನ ಮೇಲೆ ಏಳುವ ಮೂರು ದಾರಿ: ಶರಾವತಿ ಹಿನ್ನೀರಿನಲ್ಲಿ ಮಾಡಿ ನೋಡಿದ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ವಿಂಗ್ ಫಾಯಿಲ್ ಬೋರ್ಡ್ ಮೇಲೆ ನೀರಿನಿಂದಲೇ ಏಳುವುದನ್ನು ನಮ್ಮ ಹಿನ್ನೀರಿನಲ್ಲಿ ಕಲಿಯುವವರಿಗೆ ಮಂಡಿಯೂರಿ ಏಳುವ ದಾರಿಯೇ ಸರಿ. ಹೊಟ್ಟೆ ಮೇಲೆ ಮಲಗಿ ಎರಡೂ ಕಾಲು ಒಟ್ಟಿಗೆ ಒಳಗೆಳೆದು ಏಳುವುದು ಎರಡನೆಯದು. ಬೋರ್ಡಿನ ಮೇಲಿರುವ ಪಟ್ಟಿಗೆ ಕಾಲು ಸಿಕ್ಕಿಸಿಕೊಂಡು, ಬೆನ್ನ ಮೇಲೆ ತೇಲುತ್ತಾ ಏಳುವುದು ಮೂರನೆಯದು. ಅದು ಇಲ್ಲಿಗಲ್ಲ, ಕರಾವಳಿಗೆ. ವಿಡಿಯೊ ನೋಡಿ ಆರಿಸಿಕೊಳ್ಳಲು ಹೋದರೆ ಇದು ಗೊತ್ತಾಗುವುದಿಲ್ಲ. ನಾನು ನೋಡಿದ ವಿಡಿಯೊಗಳೆಲ್ಲ ಸಮುದ್ರದ್ದು. ನಮ್ಮದು ಗುಡ್ಡಗಳ ನಡುವೆ ನಿಂತ ನೀರು.

ಗೊತ್ತಿಲ್ಲದವರಿಗೆ ಎರಡು ಮಾತು. ಕೈಯಲ್ಲಿ ಗಾಳಿ ತುಂಬಿದ ವಿಂಗ್, ಕಾಲಡಿ ಬೋರ್ಡ್. ಬೋರ್ಡಿನ ತಳದಿಂದ ನೀರೊಳಗೆ ಇಳಿದ ಕಂಬ, ಅಂದರೆ ಮಾಸ್ಟ್. ಅದರ ತುದಿಗೆ ಪುಟ್ಟ ವಿಮಾನದ ಆಕಾರದ ಫಾಯಿಲ್. ವೇಗ ಬಂದಾಗ ಫಾಯಿಲ್ ಎತ್ತುತ್ತದೆ, ಬೋರ್ಡ್ ನೀರು ಬಿಟ್ಟು ಮೇಲೇರುತ್ತದೆ. ದೊಡ್ಡ ಬೋರ್ಡ್ ಆದರೆ ಗಾಳಿ ಇಲ್ಲದಿದ್ದರೂ ನಮ್ಮನ್ನು ಹೊತ್ತು ತೇಲುತ್ತದೆ. ಚಿಕ್ಕದು ಮುಳುಗುತ್ತದೆ. ಒಮ್ಮೆ ಮೇಲೆದ್ದ ಮೇಲೆ ಚಿಕ್ಕದೇ ಚೆಂದ: ಬೇಗ ತಿರುಗುತ್ತದೆ, ಪಂಪ್ ಮಾಡಲು (ಕಾಲಲ್ಲಿ ಒತ್ತಿ ಒತ್ತಿ ವೇಗ ತರಲು) ಹಗುರ. ಏಳುವ ತನಕದ್ದೇ ಕಷ್ಟ.

ದಡದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ನೋಡಿ, "ಎಂಥ ಮಾರಾಯ, ಹಲಗೆ ಮುಳುಗೇ ಹೋತಲ!" ಅಂದರು. ಹೌದು, ಮುಳುಗುತ್ತದೆ. ಆದರೆ ಎಷ್ಟು ಮುಳುಗುತ್ತದೆ? ಇದನ್ನು ಲೆಕ್ಕ ಹಾಕಿಕೊಂಡರೆ ಅರ್ಧ ಭಯ ಹೋಗುತ್ತದೆ. ನನ್ನ ತೂಕ 70 ಕೆಜಿ. ಬೋರ್ಡ್ 5.5, ಮಾಸ್ಟ್ ಮತ್ತು ಫಾಯಿಲ್ ಸೇರಿ 4.5, ಒದ್ದೆ ಬಟ್ಟೆ, ಹೆಲ್ಮೆಟ್ ಅಂತ ಇನ್ನೊಂದು 2. ಒಟ್ಟು 82. ಸಿಹಿನೀರಿನಲ್ಲಿ 1 ಲೀಟರ್ ಗಾತ್ರ ಹೆಚ್ಚುಕಡಿಮೆ 1 ಕೆಜಿ ಹೊರುತ್ತದೆ. ಬೋರ್ಡ್ 60 ಲೀಟರ್, ಫಾಯಿಲ್ ಮತ್ತು ಮಾಸ್ಟ್ ಒಂದೆರಡು ಲೀಟರ್. ಉಳಿದ 20 ಕೆಜಿಯನ್ನು ಹೊರಬೇಕಾದ್ದು ನಮ್ಮ ಮೈಯೇ. ಅಂದರೆ ಮೈಯ 20 ಲೀಟರಿನಷ್ಟು ಭಾಗ ನೀರೊಳಗೆ ಇಳಿದ ಕೂಡಲೇ ಮುಳುಗುವುದು ನಿಲ್ಲುತ್ತದೆ. ನಿಂತರೆ ಅದು ಹೆಚ್ಚುಕಡಿಮೆ ತೊಡೆಯ ತನಕ. ಮಂಡಿಯೂರಿದರೆ ಹೊಟ್ಟೆಯ ತನಕ. ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಕಲಿಯುವವರು ಬೋರ್ಡ್ ಕೆಳಗಿಳಿಯುತ್ತಿದ್ದ ಹಾಗೆ ಗಾಬರಿಯಾಗಿ ಹಾರಿಬಿಡುತ್ತಾರೆ. ಸುಮ್ನೆ ಕೂತಿದ್ದರೆ ಅದೇ ನಿಲ್ಲುತ್ತದೆ.

ಇದೇ ಬೋರ್ಡನ್ನು ಗೋಕರ್ಣದ ಕಡೆ ಸಮುದ್ರಕ್ಕೆ ಹಾಕಿದರೆ ಸ್ವಲ್ಪ ಮೇಲೆ ತೇಲುತ್ತದೆ. ಉಪ್ಪುನೀರು ಶೇಕಡಾ 2.5ರಷ್ಟು ಭಾರ. ನನ್ನ ಲೆಕ್ಕದಲ್ಲಿ 2 ಕೆಜಿ ಲಾಭ. ಗಾಳಿಯಲ್ಲೂ ಹೀಗೇ. ಈ ಹಿನ್ನೀರಿನ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಅಂದರೆ 554 ಮೀಟರ್. ಅಷ್ಟು ಎತ್ತರದಲ್ಲಿ ಗಾಳಿ ಶೇಕಡಾ 5ರಷ್ಟು ತೆಳು. 5 ಚದರ ಮೀಟರಿನ ವಿಂಗ್ ಇಲ್ಲಿ 4.75ರ ಕೆಲಸ ಮಾಡುತ್ತದೆ ಅಂದುಕೊಳ್ಳಿ. ಎರಡೂ ಚಿಕ್ಕ ವ್ಯತ್ಯಾಸಗಳೇ. ಆದರೆ ಎರಡೂ ನಮಗೆ ಎದುರಾಗಿಯೇ ನಿಲ್ಲುತ್ತವೆ. ಕರಾವಳಿಯವರು "ನನಗೆ 55 ಲೀಟರ್ ಸಾಕು" ಅಂದರೆ ಆ ಮಾತನ್ನು ಘಟ್ಟ ಹತ್ತಿಸಬೇಡಿ.

ಇವೆಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಗಾಳಿಯ ಸ್ವಭಾವದ್ದು. ಸಿಗಂದೂರಿನ ಹೊಸ ಸೇತುವೆ 2025ರ ಜುಲೈಯಲ್ಲಿ ತೆರೆದ ಮೇಲೆ ಮೇಲಿನಿಂದ ನೀರು ನೋಡುವ ಅನುಕೂಲ ಆಗಿದೆ. ಗಾಳಿ ಬೀಸಿದಲ್ಲಿ ನೀರು ಕಪ್ಪಗೆ ಕಾಣುತ್ತದೆ. ಆ ಕಪ್ಪು ತುಂಡು ತುಂಡಾಗಿ ಓಡುತ್ತದೆ, ನಡುವೆ ಬೆಳ್ಳನೆ ನಿಂತ ನೀರು. ಸಮುದ್ರದ ಗಾಳಿಯ ಹಾಗೆ ಒಂದೇ ಸಮ ಇರುವುದಿಲ್ಲ. ದ್ವೀಪದ ಮರೆ, ಗುಡ್ಡದ ಮರೆ, ಕಣಿವೆಯಿಂದ ನುಗ್ಗುವ ಗಾಳಿ, ಎಲ್ಲ ಸೇರಿ ಒಂದು ಬೀಸು, ಒಂದು ಬಿಡುವು. ಬಿಡುವಿನಲ್ಲಿ ನೀರಲ್ಲಿ ಆರಾಮಾಗಿ ಕಾಯುವುದಕ್ಕೆ ಆಗಬೇಕು. ಬೀಸು ಬಂದ ಕೂಡಲೇ ಎದ್ದುಬಿಡುವುದಕ್ಕೂ ಆಗಬೇಕು. ನಾನು ಮೂರು ದಾರಿಗಳನ್ನೂ ತೂಗಿದ್ದು ಇದೇ ತಕ್ಕಡಿಯಲ್ಲಿ.

ಮಂಡಿಯ ದಾರಿ ಹೀಗೆ. ಬೋರ್ಡನ್ನು ಗಾಳಿಗೆ ಅಡ್ಡ ನಿಲ್ಲಿಸಿ. ವಿಂಗ್ ಲೀಶಿನ (ನಮಗೆ ಕಟ್ಟಿಕೊಂಡ ದಾರದ) ಇನ್ನೊಂದು ತುದಿಯಲ್ಲಿ ನೀರ ಮೇಲೆ ಬಿದ್ದಿರಲಿ. ಮೊದಲು ಬೋರ್ಡ್ ಮೇಲೆ ಅಡ್ಡ ಮಲಗಿ, ಆಮೇಲೆ ಒಂದೊಂದೇ ಮಂಡಿ ತನ್ನಿ. ಬೋರ್ಡ್ ಕೆಳಗೆ ಹೋಗುತ್ತದೆ, ಹೋಗಲಿ. ನೀರೊಳಗಿನ ಬೋರ್ಡ್, ನೀರ ಮೇಲೆ ತೇಲುವ ಬೋರ್ಡಿಗಿಂತ ಗಟ್ಟಿ ನಿಲ್ಲುತ್ತದೆ. ಫಾಯಿಲ್ ಆಳದಲ್ಲಿ ಅಗಲವಾಗಿ ಚಾಚಿಕೊಂಡು ವಾಲುವುದನ್ನು ತಡೆಯುತ್ತದೆ. ಸುತ್ತಲಿನ ಅಲೆಯೂ ಬೋರ್ಡಿಗೆ ಅಷ್ಟಾಗಿ ತಾಗುವುದಿಲ್ಲ. ಈಗ ವಿಂಗ್ ಎತ್ತಿ ತಲೆಯ ಮೇಲೆ ತನ್ನಿ. ಗಾಳಿ ಹಿಡಿದ ವಿಂಗ್ ಸ್ವಲ್ಪ ಮೇಲಕ್ಕೂ ಎಳೆಯುತ್ತದೆ. ಅಷ್ಟು ಭಾರ ಮಂಡಿಯಿಂದ ಇಳಿಯುತ್ತದೆ.

ಮುಖ್ಯ ಗುಟ್ಟು ಇಲ್ಲಿಂದ. ಎದ್ದು ನಿಲ್ಲಲು ಅವಸರ ಬೇಡ. ಮಂಡಿಯಲ್ಲೇ ಇದ್ದು ಮೊದಲು ಮುಂದೆ ಚಲಿಸಬೇಕು. ಭಾರ ಸ್ವಲ್ಪ ಹಿಂದೆ, ಬೋರ್ಡಿನ ಮೂತಿ ಸ್ವಲ್ಪ ಮೇಲೆ. ಬೋರ್ಡಿನ ದಿಕ್ಕು ಅಡ್ಡಗಾಳಿಗಿಂತ ತುಸು ಗಾಳಿ ಹೋಗುವ ಕಡೆಗೆ. ಚಲನೆ ಶುರುವಾದರೆ ಬೋರ್ಡ್ ತಾನೇ ಮೇಲೆ ಬರುತ್ತದೆ. ಫಾಯಿಲೂ ಎತ್ತುತ್ತದೆ, ಬೋರ್ಡಿನ ತಳವೂ ಎತ್ತುತ್ತದೆ. ಮೂತಿ ನೀರು ಸೀಳಿ ಹೊರಬಂದ ಮೇಲೆಯೇ ಮುಂಗಾಲು ಇಡಿ. ಮೂತಿ ನೀರೊಳಗೆ ಇರುವಾಗ ಕಾಲು ಇಟ್ಟರೆ ಅದು ಕೆಳಮುಖವಾಗಿ ಹೊರಡುತ್ತದೆ, ಮತ್ತೆ ಮೊದಲಿಂದ ಶುರು. ಮುಂಗಾಲು ಎರಡು ಮಂಡಿಗಳ ನಡುವಿನ ಗೆರೆಯಲ್ಲಿ ಬೀಳಬೇಕು. ಪಕ್ಕಕ್ಕೆ ಹೋಯಿತೋ ಬೋರ್ಡ್ ಉರುಳಿತು.

ಈ ದಾರಿಯ ಕೊರತೆ ಅಲ್ಲೇ ಇದೆ. ಮಂಡಿಯಿಂದ ಪಾದಕ್ಕೆ ಬದಲಾಗುವ ಆ ಒಂದು ಗಳಿಗೆ. ಚಿಕ್ಕ ಬೋರ್ಡಿನಲ್ಲಿ ಇಡುವ ಜಾಗವೇ ಕಡಿಮೆ. ಮುಂದಿನ ಪಟ್ಟಿಗಳು ಇದ್ದರೆ ಮಂಡಿ, ಪಾದ ಎರಡಕ್ಕೂ ಅಡ್ಡ. ಕಲಿಯುವಾಗ ಪಟ್ಟಿ ಬಿಚ್ಚಿಡಿ, ಅಥವಾ ಮುಂದೆ ಒಂದೇ ಒಂದು ಬಿಡಿ. ಮತ್ತೆ, ಈ ಬದಲಾವಣೆಗೆ ವಿಂಗ್ ನಿಮ್ಮ ಭಾರ ಸ್ವಲ್ಪ ಹೊರಬೇಕು. ಅದಕ್ಕೆ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಗಾಳಿ ಬೇಕು, 18 ಆದರೆ ಚೆನ್ನ. ಅದಕ್ಕಿಂತ ಕಡಿಮೆ ಇದ್ದರೆ ಮಂಡಿಯಲ್ಲೇ ಕೂತು ಪ್ರದಕ್ಷಿಣೆ ಹಾಕಬೇಕಾಗುತ್ತದೆ.

ಆದರೂ ಇದಕ್ಕೆ ಮೊದಲ ಸ್ಥಾನ ಕೊಡಲು ಕಾರಣ ಕಾಯುವ ಸುಖ. ಗಾಳಿ ಬಿಟ್ಟಾಗ ಹೊಟ್ಟೆಯ ತನಕ ನೀರಲ್ಲಿ ಮಂಡಿಯೂರಿ ಕೂತಿರಬಹುದು. ವಿಂಗ್ ನೀರ ಮೇಲೆ ಇಳಿಸಿ ಹಿಡಿದುಕೊಂಡರೆ ಮೂರನೇ ಕಾಲಿನಂತೆ ಆಸರೆ ಕೊಡುತ್ತದೆ. ದಣಿವಾಗುವುದಿಲ್ಲ. ದೂರದಲ್ಲಿ ಕಪ್ಪು ಗೆರೆ ಬರುತ್ತಿರುವುದು ಕಾಣುತ್ತದೆ. ಅದು ತಲುಪುವ ಮುಂಚೆ ವಿಂಗ್ ಎತ್ತಿ ಸಿದ್ಧವಾಗಲು ಸಮಯ ಸಿಗುತ್ತದೆ.

ಎರಡನೆಯ ದಾರಿಯನ್ನು ನನಗೆ ತೋರಿಸಿದ್ದು ತಂಗಿಯ ಮಗ. 58 ಕೆಜಿ, ಮೈ ಬಳ್ಳಿಯ ಹಾಗೆ ಬಗ್ಗುತ್ತದೆ. ಸ್ಟಿಂಕ್‌ಬಗ್ ಅಂತ ಹುಡುಕಿದರೆ ವಿಡಿಯೊಗಳು ಸಿಗುತ್ತವೆ. ಬೋರ್ಡ್ ಮೇಲೆ ಉದ್ದಕ್ಕೆ ಹೊಟ್ಟೆ ಹಾಕಿ ಮಲಗುತ್ತಾನೆ. ಎರಡು ಕೈ ಬೋರ್ಡ್ ಮೇಲೆ ಒತ್ತಿ, ಎರಡೂ ಕಾಲುಗಳನ್ನು ಒಳಗೆಳೆದು ನೇರ ನಿಲ್ಲುವ ಜಾಗದಲ್ಲೇ ಇಡುತ್ತಾನೆ. ತಲೆ ಕೆಳಗೆ, ಸೊಂಟ ಮೇಲೆ. ಬೋರ್ಡ್ ಅಡಿಯಲ್ಲೆಲ್ಲೋ ಇರುತ್ತದೆ. ಆಮೇಲೆ ಒಂದು ಕೈಯಿಂದ ವಿಂಗಿನ ಹಿಡಿ ಹುಡುಕಿ ಎತ್ತಿಕೊಂಡು, ಕುಕ್ಕರಗಾಲಿನಿಂದ ನಿಧಾನವಾಗಿ ಏಳುತ್ತಾನೆ. ನೋಡಲು ಸ್ವಲ್ಪ ನಗು ಬರುತ್ತದೆ, ಆದರೆ ಕೆಲಸ ಆಗುತ್ತದೆ.

ಲಾಭ ದೊಡ್ಡದು. ಪಾದ ಆಗಲೇ ಜಾಗದಲ್ಲಿದೆ. ಓಡುತ್ತಿರುವ ಬೋರ್ಡ್ ಮೇಲೆ ಕಾಲು ಬದಲಿಸುವ ಗೊಡವೆ ಇಲ್ಲ. ವಿಂಗಿನ ಆಸರೆ ಇಲ್ಲದೆಯೂ ನಿಲ್ಲಬಹುದಾದ್ದರಿಂದ 12-13 ನಾಟ್ ಗಾಳಿಯಲ್ಲೂ ಏಳಬಹುದು. ನಾನು ಮಂಡಿಯಲ್ಲಿ ಕೂತು ಗಾಳಿ ಕಾಯುತ್ತಿರುವಾಗ ಅವನು ಎದ್ದು ಪಂಪ್ ಮಾಡಿಕೊಂಡು ಹೋಗಿರುತ್ತಾನೆ. ಆದರೆ ಅವನೇ ಹೇಳಿದ: "ಮಾವ, ಎದ್ದ ಮೇಲೆ ಗಾಳಿ ಹೋದ್ರೆ ಕಥೆ ಮುಗೀತು." ನಿಜ. ತೊಡೆಯ ತನಕ ಮುಳುಗಿದ ಬೋರ್ಡ್ ಮೇಲೆ ಅರ್ಧ ಕೂತು ಬ್ಯಾಲೆನ್ಸ್ ಮಾಡುವುದು ಬಹಳ ಹೊತ್ತು ಆಗುವುದಿಲ್ಲ. ತೊಡೆ ಉರಿಯುತ್ತದೆ, ಬೋರ್ಡ್ ಹಿಂದೆ ಮುಂದೆ ಜಾರುತ್ತದೆ. ನಮ್ಮಲ್ಲಿ ಬಿಡುವುಗಳು ಜಾಸ್ತಿ. ಪ್ರತಿ ಬಿಡುವಿಗೂ ಬಿದ್ದು, ಮತ್ತೆ ಮಲಗಿ, ಮತ್ತೆ ಬಗ್ಗಿ ಏಳುವುದೆಂದರೆ ಸೊಂಟ ಮಾತಾಡುತ್ತದೆ. ನಲವತ್ತು ದಾಟಿದವರಿಗೆ ಇದನ್ನು ಮೊದಲ ಪಾಠ ಮಾಡಬೇಡಿ. ಮಂಡಿಯ ದಾರಿ ಕೈಗೆ ಬಂದ ಮೇಲೆ ಕಡಿಮೆ ಗಾಳಿಯ ದಿನಕ್ಕೆ ಇದನ್ನು ಇಟ್ಟುಕೊಳ್ಳಬಹುದು.

ಇನ್ನೊಂದು ಕೊರತೆ ಆಳದ್ದು. ಇದು ಹಿನ್ನೀರಿಗೇ ವಿಶೇಷ. ನನ್ನ ಮಾಸ್ಟ್ 75 ಸೆಂಟಿಮೀಟರ್. ತೇಲುವ ಬೋರ್ಡಿಗೆ ಸೊಂಟಮಟ್ಟದ ನೀರಿದ್ದರೆ ಹೇಗೋ ನಡೆಯುತ್ತದೆ. ಮುಳುಗುವ ಬೋರ್ಡಿಗೆ ಮುಳುಗಿದಷ್ಟು ಆಳವನ್ನೂ ಕೂಡಿಸಬೇಕು. ಮಂಡಿಯಲ್ಲಿ ಬೋರ್ಡ್ ಅರ್ಧ ಮೀಟರ್ ಕೆಳಗಿರುತ್ತದೆ, ಫಾಯಿಲ್ ಒಂದೂಕಾಲು ಮೀಟರಿನಲ್ಲಿ. ನಿಂತು ಏಳುವಾಗ ಫಾಯಿಲ್ ಒಂದೂವರೆ ಮೀಟರ್ ಮುಟ್ಟುತ್ತದೆ. ಶರಾವತಿಯ ತಳ ಮರಳಲ್ಲ. 1964ರಲ್ಲಿ ಅಣೆಕಟ್ಟು ಮುಗಿದಾಗ ಕಾಡು, ಗದ್ದೆ, ಊರು ಎಲ್ಲ ನೀರೊಳಗೆ ಹೋದವು. ಮರದ ಬೊಡ್ಡೆಗಳು ಇವತ್ತಿಗೂ ನಿಂತಿವೆ. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಅದಕ್ಕೂ ಹಳೆಯ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟೇ ಹೊರಗೆ ಕಾಣುತ್ತದೆ. ನೀರ ಮೇಲೆ ಕಾಣುವ ಬೊಡ್ಡೆಗೆ ಹೆದರಬೇಕಿಲ್ಲ, ತಪ್ಪಿಸಿಕೊಂಡು ಹೋಗಬಹುದು. ಒಂದು ಮೀಟರ್ ಕೆಳಗೆ ಇರುವುದೇ ಅಪಾಯ. ಆದ್ದರಿಂದ ಆಳುದ್ದಕ್ಕಿಂತ ಜಾಸ್ತಿ ನೀರಿರುವ, ಮೀನು ಹಿಡಿಯುವವರು "ಇಲ್ಲಿ ಬಲೆ ಸಿಕ್ಕಿಹಾಕ್ಕೊಳಲ್ಲ" ಅನ್ನುವ ಜಾಗದಲ್ಲಿ ಮಾತ್ರ ಕಲಿಯಿರಿ. ಬಲೆ ಸಿಕ್ಕಿಹಾಕಿಕೊಳ್ಳದ ಕಡೆ ಬೊಡ್ಡೆ ಇರುವ ಸಾಧ್ಯತೆಯೂ ಕಡಿಮೆ. ಹಿನ್ನೀರಿನ ಬಹಳಷ್ಟು ದಡ ಶರಾವತಿ ಕಣಿವೆ ಅಭಯಾರಣ್ಯಕ್ಕೆ ತಾಗಿಕೊಂಡಿದೆ. ಎಲ್ಲಿ ಇಳಿಯಬಹುದು ಅಂತ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿ.

ಕಾಲದ ವಿಷಯದಲ್ಲಿ ನಮ್ಮ ಅದೃಷ್ಟ ಅಷ್ಟಕ್ಕಷ್ಟೆ. ಮೇ, ಜೂನ್ ಹೊತ್ತಿಗೆ ಪಡುವಣ ಗಾಳಿ ಏಳುತ್ತದೆ, ಆಗ ನೀರು ತಳ ಮುಟ್ಟಿರುತ್ತದೆ. ಸೆಪ್ಟೆಂಬರ್ ದಾಟಿದ ಮೇಲೆ ನೀರು ಚೆನ್ನಾಗಿರುತ್ತದೆ, ಗಾಳಿ ಇಳಿದಿರುತ್ತದೆ. ಎರಡೂ ಕೂಡಿ ಬರುವುದು ಮಳೆಗಾಲದ ನಡುವೆ, ಆಗಸ್ಟಿನ ಹೊಳವು ಸಿಕ್ಕ ದಿನಗಳಲ್ಲಿ. ಗುಡುಗಿದರೆ ಮಾತ್ರ ಆ ಕ್ಷಣವೇ ದಡಕ್ಕೆ.

ಮೂರನೆಯ ದಾರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀರಲ್ಲಿ ಬೆನ್ನ ಮೇಲೆ ತೇಲುತ್ತಾ, ಎರಡೂ ಕಾಲನ್ನು ಪಟ್ಟಿಗೆ ತೂರಿಸಿ, ವಿಂಗ್ ಎತ್ತಿ ಗಾಳಿ ಹಿಡಿದು ಎಳೆಸಿಕೊಂಡು ಏಳುವುದು. ವಿಂಡ್‌ಸರ್ಫಿಂಗ್ ಬಂದವರಿಗೆ ಇದು ಪರಿಚಿತ. ಬೋರ್ಡ್ ಎಷ್ಟೇ ಚಿಕ್ಕದಿರಲಿ ನಡೆಯುತ್ತದೆ, ಅದೇ ಇದರ ಹೆಚ್ಚುಗಾರಿಕೆ. ಆದರೆ ಇಡೀ ಮೈಯನ್ನು ವಿಂಗೇ ನೀರಿನಿಂದ ಎತ್ತಬೇಕು. ಗಾಳಿ 20 ನಾಟ್ ದಾಟಿ ಒಂದೇ ಸಮ ಇರಬೇಕು. ಗೋಕರ್ಣದ ಕಡೆ ಗಾಳಿ ಸಿಕ್ಕ ಸಂಜೆ ಇದು ಮೂರರಲ್ಲಿ ಅತಿ ಸುಲಭ ಅನ್ನಿಸಿತು. ಇಲ್ಲಿ ಅರ್ಧ ಎದ್ದಾಗ ಗಾಳಿ ನಿಲ್ಲುತ್ತದೆ. ಪಟ್ಟಿಯಲ್ಲಿ ಕಾಲು ಸಿಕ್ಕಿಕೊಂಡೇ ಹಿಂದಕ್ಕೆ ಬೀಳುವುದು ಮಜವಾಗಿರುವುದಿಲ್ಲ, ಅದರಲ್ಲೂ ಕೆಳಗೆ ಬೊಡ್ಡೆ ಇರುವ ನೀರಲ್ಲಿ.

ಈಗ ಬೋರ್ಡಿನ ಅಳತೆ. ಮನೆಯಲ್ಲಿ ಮೂರಿವೆ: 95, 75, 60 ಲೀಟರ್. ಕಲಿಯಲು ಸರಿಯಾದದ್ದು ನಡುವಿನದು. ನನ್ನ ತೂಕಕ್ಕೆ 75 ಮೊಣಕಾಲಿನ ಕೆಳಗೇ ನಿಲ್ಲುತ್ತದೆ. ಮುಳುಗುವ ಅನುಭವವೂ ಆಯಿತು, ಕಾಲು ಬದಲಿಸುವಾಗ ಒಂದಿಷ್ಟು ಕ್ಷಮೆಯೂ ಉಂಟು. ನೇರವಾಗಿ 60ಕ್ಕೆ ಹೋದರೆ ಕಲಿಯುವ ಹೊತ್ತೆಲ್ಲ ಹತ್ತಿ ಇಳಿಯುವುದರಲ್ಲೇ ಕಳೆಯುತ್ತದೆ. ನಿಮ್ಮ ತೂಕಕ್ಕೆ 5 ಕೂಡಿಸಿದರೆ ಬರುವ ಲೀಟರ್ ಮೊದಲ ಚಿಕ್ಕ ಬೋರ್ಡಿಗೆ ಸಾಕು. ಫಾಯಿಲ್ ಮಾತ್ರ ದೊಡ್ಡದಿರಲಿ, 1500 ಚದರ ಸೆಂಟಿಮೀಟರಿನ ಆಸುಪಾಸು. ಬೇಗ ಎತ್ತುವ ಫಾಯಿಲ್ ಇದ್ದರೆ ಚಿಕ್ಕ ಬೀಸೂ ಉಪಯೋಗಕ್ಕೆ ಬರುತ್ತದೆ.

95 ಲೀಟರಿನದನ್ನು ಮಾರಬಹುದಾ ಅಂತ ತಂಗಿಯ ಮಗ ಕೇಳುತ್ತಿರುತ್ತಾನೆ. ಬೇಡ ಅಂತೀನಿ. ಗಾಳಿ ಪೂರ್ತಿ ಸತ್ತಾಗ ಚಿಕ್ಕ ಬೋರ್ಡಿನವನು ಹೊಟ್ಟೆ ಮೇಲೆ ಮಲಗಿ, ವಿಂಗನ್ನು ಹಿಂದೆ ಎಳೆದುಕೊಂಡು, ಕೈಯಲ್ಲೇ ಈಜಿ ದಡ ಸೇರಬೇಕು. ದೊಡ್ಡದರ ಮೇಲಾದರೆ ಮಂಡಿಯೂರಿ ಕೂತು ಇದ್ದಬದ್ದ ಗಾಳಿಯಲ್ಲೇ ತೆವಳಿಕೊಂಡು ಬರಬಹುದು. ಹಾಗಾಗಿ ಗಾಳಿ ಅನುಮಾನ ಇದ್ದ ದಿನ ಒಬ್ಬರು ಚಿಕ್ಕದು ತಗೊಂಡರೆ ಇನ್ನೊಬ್ಬರು ದೊಡ್ಡದು ತಗೊಳ್ಳುತ್ತೇವೆ. ಯಾರಿಗೆ ಯಾವುದು ಅನ್ನುವ ಜಗಳ ಮಾತ್ರ ಇನ್ನೂ ತೀರಿಲ್ಲ.