ಗಿಜಿಗುಡುವ ಹಿನ್ನೆಲೆಗೆ ಲೈಟ್‌ರೂಮ್ ಕ್ಲಾಸಿಕ್: ಬಹುಕಾಲ ಬಳಸಿದ ಮೇಲೆ

ಬಂಡೀಪುರ, ಕಬಿನಿಯ ಚಿತ್ರಗಳಲ್ಲಿ ತಲೆನೋವು ಕೊಡುವುದು ಹುಲಿಯ ಹಿಂದಿರುವ ಲಂಟಾನ. ಪೊದೆ ಪ್ರಾಣಿಯ ಬೆನ್ನಿಗೇ ಅಂಟಿಕೊಂಡಿರುತ್ತದೆ, 600 ಎಂ.ಎಂ. ಜೂಮ್‌ನ ಎಫ್/6.3ರಲ್ಲೂ (ಲೆನ್ಸ್ ಪೂರ್ತಿ ತೆರೆದರೂ) ಪೂರ್ತಿ ಮಸುಕಾಗಿ ಕರಗುವುದಿಲ್ಲ. ಫೋಟೋ ತಿದ್ದುವ ತಂತ್ರಾಂಶ ಲೈಟ್‌ರೂಮ್‌ಗೆ 2021ರಲ್ಲಿ ಸೆಲೆಕ್ಟ್ ಸಬ್ಜೆಕ್ಟ್ (ಮುಖ್ಯ ವಸ್ತುವನ್ನು ತಾನೇ ಗುರುತಿಸುವ ಆಯ್ಕೆ), 2022ರಲ್ಲಿ ಬ್ಯಾಕ್‌ಗ್ರೌಂಡ್ ಮಾಸ್ಕ್ (ಹಿನ್ನೆಲೆಯನ್ನಷ್ಟೇ ಆರಿಸಿ ತಿದ್ದುವ ಆಯ್ಕೆ) ಬಂದ ಮೇಲೆ ಈ ಕೆಲಸಕ್ಕೆ ನಾನು ಫೋಟೋಶಾಪ್ ತೆರೆಯುವುದೇ ಅಪರೂಪ.

ಐಎಸ್ಒ (ಕ್ಯಾಮೆರಾದ ಬೆಳಕಿನ ಸಂವೇದನೆ) ಹೆಚ್ಚಿದ್ದರೆ ಮೊದಲು ಡೀನಾಯ್ಸ್ (ಚಿತ್ರದ ಕಾಳುಕಾಳು ತೆಗೆಯುವುದು), ಆಮೇಲೆ ಮಾಸ್ಕ್. ಬ್ಯಾಕ್‌ಗ್ರೌಂಡ್ ಆರಿಸಿ ಎಕ್ಸ್‌ಪೋಶರ್ (ಬೆಳಕು) -0.40ರಿಂದ -0.70, ಹೈಲೈಟ್ಸ್ (ಹೊಳಪಿನ ಭಾಗ) -40, ಸ್ಯಾಚುರೇಶನ್ (ಬಣ್ಣದ ಗಾಢತೆ) -15, ಟೆಕ್ಸ್‌ಚರ್ (ಸಣ್ಣ ವಿವರ) -25. ಬಹುತೇಕ ಚಿತ್ರಗಳಿಗೆ ಇಷ್ಟು ಸಾಕು. ಕ್ಲಾರಿಟಿಯನ್ನು ಹೆಚ್ಚು ಇಳಿಸಿದರೆ ಕಾಡಿಗೆ ಸುಳ್ಳು ಮಂಜು ಕವಿಯುತ್ತದೆ. ಎಕ್ಸ್‌ಪೋಶರ್ -1 ದಾಟಿದರೆ ಬೆನ್ನಿನ ಅಂಚಿನಲ್ಲಿ ಬಿಳಿ ಗೆರೆ ಏಳುತ್ತದೆ, ಮಾಸ್ಕ್ ರೋಮದ ತುದಿಗೆ ಸರಿಯಾಗಿ ಕೂತಿರದೇ ಇರುವುದರಿಂದ. ‘ಓ’ ಕೀ ಒತ್ತಿ, ಮಾಸ್ಕ್ ಎಲ್ಲೆಲ್ಲಿ ಕೂತಿದೆ ಎಂದು ತೋರಿಸುವ ಕೆಂಪು ಪದರ ನೋಡಿ: ಮೀಸೆ, ಬಾಲದ ತುದಿ, ಹುಲ್ಲಿನೊಳಗಿನ ಪಾದ, ಈ ಮೂರೂ ಕಡೆ ತಪ್ಪುತ್ತದೆ. ಪ್ರಾಣಿಯ ಮೇಲೆ ಹರಡಿದ ಮಾಸ್ಕ್ ಅಳಿಸಲು ಸಬ್‌ಟ್ರ್ಯಾಕ್ಟ್ ಬ್ರಷ್, ಫ್ಲೋ 30, 100% ಜೂಮ್. ಎರಡು ನಿಮಿಷದ ಕೆಲಸ.

ಬಿಸಿಲು ಬಿದ್ದ ಒಣ ಬಿದಿರು ಇಷ್ಟಕ್ಕೆ ಬಗ್ಗುವುದಿಲ್ಲ. ಇನ್ನೊಂದು ಬ್ಯಾಕ್‌ಗ್ರೌಂಡ್ ಮಾಸ್ಕ್ ಮಾಡಿ, ಮೂರು ಚುಕ್ಕೆಯ ಮೆನುವಿನಲ್ಲಿ ಇಂಟರ್‌ಸೆಕ್ಟ್ (ಎರಡು ಆಯ್ಕೆಗಳಿಗೂ ಸೇರುವ ಭಾಗವನ್ನಷ್ಟೇ ಉಳಿಸುವುದು), ಅದರೊಳಗೆ ಲ್ಯೂಮಿನೆನ್ಸ್ ರೇಂಜ್ (ಹೊಳಪಿನ ಮಟ್ಟ ನೋಡಿ ಆರಿಸುವುದು). ಹೊಳೆಯುವ ಕಡ್ಡಿಗಳಷ್ಟೇ ಸಿಗುತ್ತವೆ, ನೆರಳು ಹಾಗೇ ಉಳಿಯುತ್ತದೆ. ಇಡೀ ತಂತ್ರಾಂಶದಲ್ಲಿ ನಾನು ದುಡ್ಡು ಕೊಡುವುದು ಇದೊಂದಕ್ಕೆ ಎಂದರೂ ತಪ್ಪಿಲ್ಲ. ಆದರೆ ಪೂರ್ತಿ ಬೆಳ್ಳಗಾಗಿ ವಿವರ ಸುಟ್ಟುಹೋದ ಜಾಗ ಕಪ್ಪಾಗದು, ಬೂದಿ ಬಣ್ಣದ ತೇಪೆಯಾಗುತ್ತದೆ. ಅದಕ್ಕೆ ಕ್ರಾಪೇ ಮದ್ದು.

ಹಿನ್ನೆಲೆಯನ್ನು ಕೃತಕವಾಗಿ ಮಸುಕಾಗಿಸುವ ಲೆನ್ಸ್ ಬ್ಲರ್ ಬಳಸುವುದಾದರೆ, ದೂರ-ಹತ್ತಿರ ತೋರಿಸುವ ವಿಶುವಲೈಸ್ ಡೆಪ್ತ್ ಹಾಕಿ ಕಾಲಬುಡದ ನೆಲ ನೋಡಿ. ಪಾದದ ಸಾಲಿನ ನೆಲವೂ ಮಸುಕಾದರೆ ಜಿಂಕೆ ಗಾಳಿಯಲ್ಲಿ ತೇಲುತ್ತದೆ. ಫೋಕಸ್ ಬ್ರಷ್‌ನಿಂದ ಆ ಪಟ್ಟಿಯನ್ನು ವಾಪಸ್ ತರಬಹುದು, ಆದರೂ ನನಗೆ ಅದರ ಮೇಲೆ ನಂಬಿಕೆ ಕಮ್ಮಿ.

2024ರ ಜನರೇಟಿವ್ ರಿಮೂವ್ (ಎಐಯಿಂದ ವಸ್ತು ಅಳಿಸುವ ಸಾಧನ) ರೆಂಬೆಯನ್ನು ಚೆನ್ನಾಗಿಯೇ ಅಳಿಸುತ್ತದೆ. ಇಂಟರ್‌ನೆಟ್ ಬೇಕು, ನೆಟ್‌ವರ್ಕ್ ಸಿಗದ ಕಾಡಂಚಿನಲ್ಲಿ ಕೆಲಸಕ್ಕಿಲ್ಲ. ಎಫ್ಐಎಪಿ (ಅಂತರರಾಷ್ಟ್ರೀಯ ಛಾಯಾಗ್ರಹಣ ಕಲಾ ಒಕ್ಕೂಟ) ನಿಯಮದ ಸಲೋನ್‌ಗಳ (ಛಾಯಾಚಿತ್ರ ಸ್ಪರ್ಧೆಗಳ) ನೇಚರ್ ವಿಭಾಗದಲ್ಲಿ ದೃಶ್ಯದಲ್ಲಿರುವ ಏನನ್ನೂ ಕ್ರಾಪ್ ಬಿಟ್ಟು ಬೇರೆ ದಾರಿಯಲ್ಲಿ ತೆಗೆಯುವಂತಿಲ್ಲ, ಹಾಗಾಗಿ ಸ್ಪರ್ಧೆಯ ಫೈಲನ್ನು ಬೇರೆ ವರ್ಚುವಲ್ ಕಾಪಿಯಲ್ಲಿ (ಅದೇ ಚಿತ್ರದ ಪ್ರತ್ಯೇಕ ತಿದ್ದುಪಡಿ ಪ್ರತಿಯಲ್ಲಿ) ಇಡಿ.

ರಂಗನತಿಟ್ಟಿನಲ್ಲಿ ಹಾರುವ ಕೊಕ್ಕರೆಯ ಬರ್ಸ್ಟ್‌ಗೆ (ಒಂದರ ಹಿಂದೊಂದು ತೆಗೆದ ಚಿತ್ರಗಳ ಸಾಲಿಗೆ) ಸಿಂಕ್ ಮಾಡುವಾಗ, ಅಂದರೆ ಒಂದು ಚಿತ್ರದ ತಿದ್ದುಪಡಿಯನ್ನು ಉಳಿದವಕ್ಕೂ ಹಾಕುವಾಗ, ಒಂದು ಎಚ್ಚರ: ಎಐ ಮಾಸ್ಕ್ ಪ್ರತಿ ಫ್ರೇಮಿಗೂ ಹಕ್ಕಿಯನ್ನು ಹೊಸದಾಗಿ ಹುಡುಕುತ್ತದೆ, ಕೈಯಲ್ಲಿ ಎಳೆದ ಬ್ರಷ್ ಮಾತ್ರ ಹಳೇ ಜಾಗದಲ್ಲೇ ಕೂರುತ್ತದೆ. ಮೊದಲು ಸಿಂಕ್, ಬ್ರಷ್ ತಿದ್ದುಪಡಿ ಕೊನೆಗೆ, ಆರಿಸಿದ ಫ್ರೇಮ್‌ಗಳಿಗೆ ಮಾತ್ರ.