ಆರು-ನಾಲ್ಕರ ಟ್ರೈಲರ್: ಕಬ್ಬಿಣ ಗಟ್ಟಿ, ದೀಪದ ವೈರಿಂಗ್ ಕಳಪೆ

ಮೊದಲು ಸಿಟ್ಟಿನ ಮಾತು ಹೇಳಿಬಿಡುತ್ತೇನೆ. ಕಾರಿನ ಹಿಂದೆ ಕಟ್ಟಿ ಸಾಮಾನು ಎಳೆಯುವ ಈ ಟ್ರೈಲರ್ ಮಾಡಿದವರು ಕಬ್ಬಿಣಕ್ಕೆ ಹಾಕಿದ ಶ್ರದ್ಧೆಯನ್ನು ವೈರಿಂಗ್‌ಗೆ ಹಾಕಿಲ್ಲ.

ನಾವಿರುವುದು ಮೆಲ್ಬರ್ನ್‌ನ ಪಶ್ಚಿಮಕ್ಕೆ, ಟಾರ್ನೀಟ್‌ನಲ್ಲಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ತೆರೆದ ಪೆಟ್ಟಿಗೆಯ ಟ್ರೈಲರ್ ಇಲ್ಲಿ ಬೀದಿಗೆ ಒಂದಾದರೂ ಕಾಣುತ್ತದೆ. ನಮ್ಮದೂ ಅದೇ. ಗ್ಯಾಲ್ವನೈಸ್ ಮಾಡಿದ ಕಬ್ಬಿಣ, ಒಂದೇ ಆಕ್ಸಲ್ (ಎರಡು ಚಕ್ರ ಕೂಡಿಸುವ ಅಚ್ಚು), ಬ್ರೇಕ್ ಇಲ್ಲ. ಕೊಂಡು ಕೆಲವು ವರ್ಷಗಳಾದವು. ಎಳೆಯುವುದು ಮನೆಯ ಸಾಧಾರಣ ಸೆಡಾನ್ ಕಾರು.

ಮೊದಲ ಚಳಿಗಾಲದ ಮಳೆ ಕಳೆಯುವಷ್ಟರಲ್ಲಿ ದೀಪಗಳು ಹುಚ್ಚಾಟ ಶುರು ಮಾಡಿದವು. ಬ್ರೇಕ್ ಒತ್ತಿದರೆ ಬಲಗಡೆ ದೀಪ ಮಂಕಾಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಜೊತೆಗೆ ಮಿಟುಕುತ್ತಿತ್ತು. ಮಾರಿದವರನ್ನು ಕೇಳಿದರೆ, ಕಾರಿಗೆ ಸಿಕ್ಕಿಸುವ ದೀಪದ ಪ್ಲಗ್ ಒರೆಸಿ ನೋಡಿ ಅಂದರು. ಪ್ಲಗ್ ಹೊಸದರಂತೆ ಹೊಳೆಯುತ್ತಿತ್ತು. ತೊಂದರೆ ಇದ್ದದ್ದು ಅರ್ತಿಂಗ್‌ನಲ್ಲಿ, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿಯಲ್ಲಿ. ಆಸ್ಟ್ರೇಲಿಯಾದ ಟ್ರೈಲರ್‌ಗಳಲ್ಲಿ ಬಿಳಿ ವೈರ್ ಅಂದರೆ ಅರ್ತ್. ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕ್ ದೀಪ, ಕಂದು ಹಿಂದಿನ ದೀಪ. ನಮ್ಮ ಟ್ರೈಲರ್‌ನಲ್ಲಿ ಬಿಳಿ ವೈರನ್ನು ಚೌಕಟ್ಟಿಗೆ ಒಂದೇ ಒಂದು ಸ್ಕ್ರೂ ಹಾಕಿ ಸಿಕ್ಕಿಸಿದ್ದರು. ಅದೂ ಚಕ್ರದ ಕೊಚ್ಚೆ ನೇರ ಸಿಡಿಯುವ ಜಾಗದಲ್ಲಿ. ಸ್ಕ್ರೂ ತುಕ್ಕು ಹಿಡಿದರೆ ಕರೆಂಟ್ ವಾಪಸ್ ಹೋಗಲು ದಾರಿ ಇರುವುದಿಲ್ಲ. ಆಗ ಅದು ಪಕ್ಕದ ಬಲ್ಬಿನ ಮೂಲಕ ಹೋಗಲು ನೋಡುತ್ತದೆ. ಮಂಕು, ಮಿಟುಕು ಎಲ್ಲ ಅದರಿಂದಲೇ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟು ಯಾಕೆ ಅಂದರೆ, ಸರಕು ತುಂಬಿದ ಮೇಲೆ ಹಿಂದೆ ಬರುವವರಿಗೆ ನಮ್ಮ ಕಾರಿನ ದೀಪ ಸರಿಯಾಗಿ ಕಾಣುವುದಿಲ್ಲ. ನಾವು ನಿಲ್ಲಿಸುತ್ತಿದ್ದೇವೆ, ತಿರುಗುತ್ತಿದ್ದೇವೆ ಅಂತ ಅವರಿಗೆ ಹೇಳುವುದು ಟ್ರೈಲರ್ ದೀಪ ಮಾತ್ರ. ಅಲ್ಲಿ ನಾಲ್ಕು ಕಾಸು ಉಳಿಸಬಾರದಿತ್ತು.

ಕೊನೆಗೆ ಪ್ಲಗ್‌ನಿಂದ ಎರಡೂ ದೀಪಗಳಿಗೆ ಬೇರೆ ಬಿಳಿ ವೈರ್ ಎಳೆದು, ಜೋಡಿಸಿದ ಕಡೆ ಬೆಸುಗೆ ಹಾಕಿ, ನೀರು ಹೋಗದ ಹಾಗೆ ಮುಚ್ಚಿದೆ. ಅರ್ಧ ದಿನದ ಕೆಲಸ. ಆಮೇಲೆ ಒಮ್ಮೆಯೂ ತೊಂದರೆ ಬಂದಿಲ್ಲ. ಸಿಟ್ಟೂ ಇಳಿಯಿತು. ಈಗ ಈ ಟ್ರೈಲರ್ ಕಟ್ಟುವುದೇ ನನಗೊಂದು ಖುಷಿ.

ಕಟ್ಟುವಾಗ ಪ್ರತಿ ಸಲ ಅದೇ ಕ್ರಮ. ಟ್ರೈಲರ್‌ನ ಮುಂತುದಿಯ ಕಪ್ಲಿಂಗನ್ನು ಕಾರಿನ ಹಿಂದಿರುವ 50 ಮಿಲಿಮೀಟರ್ ಕಬ್ಬಿಣದ ಗುಂಡು, ಅಂದರೆ ಟೋ ಬಾಲ್ ಮೇಲೆ ಇಳಿಸಿ ಕೊಂಡಿ ಹಾಕುತ್ತೇನೆ. ಆಮೇಲೆ ಟ್ರೈಲರ್‌ನ ಮೂತಿ ಹಿಡಿದು ಜೋರಾಗಿ ಮೇಲೆತ್ತುತ್ತೇನೆ. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಸರಿಯಾಗಿ ಕೂತಿದೆ ಅಂತ. ಸರಪಳಿ ಎರಡನ್ನೂ ಕಪ್ಲಿಂಗ್ ಕೆಳಗೆ ಅಡ್ಡಡ್ಡ ದಾಟಿಸಿ ಶ್ಯಾಕಲ್ (ತಿರುಪಿನ ಕಬ್ಬಿಣದ ಕೊಂಡಿ) ಬಿಗಿಯುತ್ತೇನೆ. ಅಕಸ್ಮಾತ್ ಕಳಚಿದರೂ ಮೂತಿ ರಸ್ತೆಗೆ ಬಡಿಯದೆ ಸರಪಳಿ ಮೇಲೆ ನಿಲ್ಲುತ್ತದೆ. ಮುಂದಿನ ಪುಟ್ಟ ಚಕ್ರ ಎತ್ತಿ, ಪ್ಲಗ್ ಹಾಕಿದ ಮೇಲೆ ಮಗಳ ಸರದಿ. ಹಿಂದೆ ನಿಂತು "ಎಡ ಓಕೆ ಅಪ್ಪಾ, ಬಲ ಓಕೆ, ಬ್ರೇಕ್ ಓಕೆ" ಅಂತ ಕೂಗುತ್ತಾಳೆ. ಅವಳು ಮೂರೂ ಹೇಳುವ ತನಕ ಕಾರು ಕದಲುವುದಿಲ್ಲ.

ತೂಕದ ವಿಷಯದಲ್ಲಿ ಹೊಸಬರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಟ್ರೈಲರ್‌ಗೆ ಹಾಕಿರುವ ಮಾಹಿತಿ ಫಲಕದ ಮೇಲೆ 750 ಕೆಜಿ ಅಂತ ಬರೆದಿರುತ್ತದೆ. ಅಷ್ಟು ಸರಕು ಹಾಕಬಹುದು ಅಂತ ಅಲ್ಲ. ಟ್ರೈಲರ್‌ನ ಸ್ವಂತ ತೂಕವೂ ಅದರಲ್ಲೇ ಸೇರಿದೆ. ನಮ್ಮದರ ಸ್ವಂತ ತೂಕ 230. ಇನ್ನು ಕಾರಿನ ಕೈಪಿಡಿ ನೋಡಿದರೆ, ಬ್ರೇಕ್ ಇಲ್ಲದ ಟ್ರೈಲರ್‌ಗೆ 600 ಕೆಜಿ ಮಾತ್ರ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕ. ಹಾಗಾಗಿ ನನಗೆ ಸಿಗುವುದು 370. ಪೆಟ್ಟಿಗೆಯ ಅಂಚಿನವರೆಗೆ ಹಸಿ ಮಣ್ಣು ತುಂಬಿದರೆ ಒಂದು ಟನ್ ಹತ್ತಿರ ಹೋಗುತ್ತದೆ. ಅದಕ್ಕೇ ಮಣ್ಣಾದರೆ ಮೂರನೇ ಒಂದು ಭಾಗಕ್ಕೆ ನಿಲ್ಲಿಸುತ್ತೇನೆ. ಗಿಡದ ಬುಡಕ್ಕೆ ಹಾಕುವ ಒಣ ತೊಗಟೆ ಚೂರಾದರೆ ಪೂರ್ತಿ ತುಂಬಬಹುದು. ಇದನ್ನು ನರ್ಸರಿಯಲ್ಲಿ ಲೋಡರ್ ಯಂತ್ರ ಓಡಿಸುವ ಹುಡುಗರಿಗೆ ಮೊದಲೇ ಹೇಳಬೇಕು. ಇಲ್ಲದಿದ್ದರೆ ಅವರು ಒಂದೇ ಬಕೆಟ್‌ನಲ್ಲಿ ಸುರಿದುಬಿಡುತ್ತಾರೆ.

ಎಷ್ಟು ತೂಕ ಅನ್ನುವುದಕ್ಕಿಂತ ಎಲ್ಲಿ ತೂಕ ಅನ್ನುವುದು ದೊಡ್ಡದು. ಭಾರವೆಲ್ಲ ಆಕ್ಸಲ್ ಹಿಂದೆ ಬಿದ್ದರೆ ಮೂತಿ ಮೇಲೇಳಲು ನೋಡುತ್ತದೆ. ವೇಗ ಹೆಚ್ಚಿದ ಹಾಗೆ ಟ್ರೈಲರ್ ಬಾಲ ಅಲ್ಲಾಡಿಸುತ್ತದೆ. ಅದು ಕಾರನ್ನೂ ಎಳೆದಾಡುತ್ತದೆ. ಭಾರವಾದದ್ದನ್ನು ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಇಟ್ಟು ಕಟ್ಟಿ. ಒಟ್ಟು ತೂಕದ ಹತ್ತನೇ ಒಂದು ಭಾಗ ಟೋ ಬಾಲ್ ಮೇಲೆ ಕೂತರೆ ಸಾಕು. ತುಂಬಾ ಮುಂದೆ ತಳ್ಳಿದರೂ ಕಷ್ಟ. ಕಾರಿನ ಹಿಂಭಾಗ ಕುಸಿದು ಸ್ಟಿಯರಿಂಗ್ ಹಗುರಾಗುತ್ತದೆ. ನಾನು ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಕಪ್ಲಿಂಗ್ ಇಟ್ಟು ನೋಡುತ್ತೇನೆ. ಎತ್ತರ ಮಾತ್ರ ಕಾರಿಗೆ ಕಟ್ಟಿದಾಗ ಇರುವಷ್ಟೇ ಇರಬೇಕು. ರಸ್ತೆಯಲ್ಲಿ ಅಲ್ಲಾಟ ಶುರುವಾದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟಿಯರಿಂಗ್ ನೇರ ಹಿಡಿಯಿರಿ. ಜೋರು ಬ್ರೇಕ್ ಬೇಡ, ವೇಗ ಹೆಚ್ಚಿಸುವುದಂತೂ ಬೇಡವೇ ಬೇಡ. ಮೆಲ್ಬರ್ನ್‌ನ ಎತ್ತರದ ವೆಸ್ಟ್ ಗೇಟ್ ಸೇತುವೆ ಮೇಲೆ ಅಡ್ಡಗಾಳಿ ಇದ್ದ ದಿನ ನಾನು ಎಡ ಲೇನ್ ಬಿಡುವುದಿಲ್ಲ.

ರಿವರ್ಸ್ ಬಗ್ಗೆ ಒಂದು ಮಾತು. ಗಿಡ್ಡ ಟ್ರೈಲರ್ ಉದ್ದದ್ದಕ್ಕಿಂತ ಕಷ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾರಿನ ಕಡೆಗೆ ಮಡಚಿಕೊಳ್ಳುತ್ತದೆ. ಕೈಯನ್ನು ಸ್ಟಿಯರಿಂಗ್‌ನ ಕೆಳಭಾಗದಲ್ಲಿ ಹಿಡಿಯಿರಿ. ಆಗ ಕೈ ಹೋದ ಕಡೆಗೇ ಟ್ರೈಲರ್‌ನ ಬಾಲ ಹೋಗುತ್ತದೆ. ಖಾಲಿ ಟ್ರೈಲರ್ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಹಿಂದಿನ ಎರಡು ಮೂಲೆಗೆ ಉದ್ದನೆಯ ಕೋಲು ಸಿಕ್ಕಿಸಿದ್ದೇನೆ, ತುಂಬಾ ಉಪಯೋಗ.

ಕೊಳ್ಳುವಾಗ ನೆನೆಸದೇ ಇದ್ದ ಸಂತೋಷ ಅಂದರೆ ಜನ. ರಾಜ್ಯೋತ್ಸವ ಬಂದರೆ ಬಿಸಿಬೇಳೆಬಾತಿನ ದೊಡ್ಡ ಪಾತ್ರೆ, ಗ್ಯಾಸ್ ಒಲೆ, ಮಡಚುವ ಕುರ್ಚಿ ಎಲ್ಲ ಇದರಲ್ಲೇ ಸಭಾಂಗಣಕ್ಕೆ ಹೋಗುತ್ತವೆ. ಪಾತ್ರೆ ಹೋಗುವುದು ಖಾಲಿಯಾಗಿ, ಅಡುಗೆ ಅಲ್ಲೇ. ಮನೆ ಬದಲಿಸಿದ ಗೆಳೆಯರೊಬ್ಬರ ಕರಿಬೇವಿನ ಗಿಡವನ್ನು ಕುಂಡ ಸಮೇತ ಸಾಗಿಸಿದ್ದೂ ಇದರಲ್ಲೇ. ಗಾಳಿಗೆ ಎಲೆ ಉದುರದ ಹಾಗೆ ಹಳೆ ಹಾಸಿಗೆ ಬಟ್ಟೆ ಸುತ್ತಿ, ಮಲಗಿಸಿ, ಎರಡು ಕಡೆ ಪಟ್ಟಿ ಬಿಗಿದೆವು. ಆ ಗಿಡ ಈಗ ಚೆನ್ನಾಗಿ ಚಿಗುರಿದೆ.

ಯಾರು ಕೊಳ್ಳಬೇಕು? ವರ್ಷಕ್ಕೆ ಒಂದೆರಡು ಸಲ ಬೇಕಾಗುವವರಿಗೆ ಬೇಡ. ಪೆಟ್ರೋಲ್ ಬಂಕ್, ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ರಿಜಿಸ್ಟ್ರೇಷನ್, ಟೈರ್, ನಿಲ್ಲಿಸಲು ಜಾಗ ಯಾವ ತಲೆನೋವೂ ಇಲ್ಲ. ತೋಟದ ಹುಚ್ಚು ಇದ್ದರೆ, ಸುತ್ತ ಹಂಚಿಕೊಳ್ಳುವ ಮನೆಗಳಿದ್ದರೆ ಧಾರಾಳವಾಗಿ ಕೊಳ್ಳಿ. ಹೈಬ್ರಿಡ್ ಕಾರಿನವರು ಮೊದಲು ಕೈಪಿಡಿ ನೋಡಿ, ಕೆಲವಕ್ಕೆ ಎಳೆಯುವ ಮಿತಿ 500 ಕೆಜಿಗಿಂತ ಕಡಿಮೆ ಇದೆ. ಅಂಗಡಿಗೆ ಹೋದಾಗ ಬಗ್ಗಿ ಬಿಳಿ ವೈರ್ ಎಲ್ಲಿ ಕೊನೆಯಾಗುತ್ತದೆ ಅಂತ ನೋಡಿ. ಚೌಕಟ್ಟಿನ ಸ್ಕ್ರೂಗೆ ಹೋಗಿದ್ದರೆ, ದೀಪದವರೆಗೆ ಎಳೆದು ಕೊಡಿ ಅಂತ ದುಡ್ಡು ಕೊಡುವ ಮೊದಲೇ ಕೇಳಿ.