ರಾಯಚೂರಿನ ರೆಡಿಮೇಡ್ ಬೈಲಾ: ನೋಂದಣಿಗೆ ಸೈ, ಸಭೆಗೆ ಸಾಲದು

ರಾಯಚೂರಿನ ಟೈಪಿಂಗ್ ಅಂಗಡಿಯೊಂದರಲ್ಲಿ ಸಿಗುವ ಮಾದರಿ ಬೈಲಾ, ಅಂದರೆ ಸಂಘದ ನಿಯಮಾವಳಿ, ಇದು. ಸಂಘದ ಹೆಸರು, ವಿಳಾಸ, ಪದಾಧಿಕಾರಿಗಳ ಪಟ್ಟಿ ಕೊಟ್ಟರೆ ಧ್ಯೇಯೋದ್ದೇಶ ಪತ್ರದ ಸಮೇತ ಟೈಪ್ ಮಾಡಿ ಕೊಡುತ್ತಾರೆ. ಕನ್ನಡ ಶುದ್ಧವಾಗಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೇಳುವ ಕನಿಷ್ಠ 7 ಜನರ ಸಹಿಗೆ ಜಾಗವೂ ಇದೆ. ಯುವಕ ಸಂಘಕ್ಕೋ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೋ ನೋಂದಣಿ ಆಗುವಷ್ಟಕ್ಕೆ ಇದು ಸಾಕು. ಸಹಕಾರ ಸಂಘದವರು ಮುಟ್ಟಬೇಡಿ, ಅವರಿಗೆ 1959ರ ಕಾಯ್ದೆಯೇ ಬೇರೆ.

ತೊಡಕೆಲ್ಲ ಮೊದಲ ಜಗಳ ಬಂದಾಗ. ಮಹಾಸಭೆಯ ಕೋರಂ (ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಜನ) 'ಒಟ್ಟು ಸದಸ್ಯರ ಮೂರನೇ ಎರಡು' ಎಂದು ಹಾಕಿದ್ದಾರೆ. 150 ಸದಸ್ಯರಿದ್ದರೆ 100 ಜನ ಬೇಕು. ಬೇಸಿಗೆಯಲ್ಲಿ ಊರಿಗೂರೇ ಗುಳೆ ಹೋಗುವ ಸೀಮೆಯಲ್ಲಿ ಅಷ್ಟು ಜನ ಎಲ್ಲಿಂದ ಬರಬೇಕು? ಐದನೇ ಒಂದು ಭಾಗ, ಅಂದರೆ 30 ಎಂದು ಬರೆಸಿ. ಕೋರಂ ಇಲ್ಲದೆ ಮುಂದೂಡಿದ ಸಭೆಯ ಬಗ್ಗೆ ಇದರಲ್ಲಿ ಸೊಲ್ಲೇ ಇಲ್ಲ. ಅರ್ಧ ಗಂಟೆ ಕಾಯುವುದು, ಏಳನೇ ದಿನ ಅದೇ ಜಾಗದಲ್ಲಿ ಅದೇ ಹೊತ್ತಿಗೆ ಸೇರುವುದು, ಆಗ ಬಂದವರೇ ಕೋರಂ, ಹಳೇ ಅಜೆಂಡಾ ಬಿಟ್ಟು ಹೊಸ ವಿಷಯವಿಲ್ಲ ಎಂದು ಸೇರಿಸಬೇಕು. ಬೈಲಾ ತಿದ್ದುಪಡಿಯನ್ನೂ ಪದಾಧಿಕಾರಿಗಳ ವಜಾವನ್ನೂ ಈ ಸಡಿಲಿಕೆಯಿಂದ ಹೊರಗಿಡಿ. ಇಲ್ಲದಿದ್ದರೆ ಹತ್ತು ಜನ ಸೇರಿ ಸಂಘವನ್ನೇ ಕೈಗೆ ತಗೊಂಡಾರು.

ಇದಕ್ಕಿಂತ ಕೆಟ್ಟದ್ದು 'ಮೂರನೇ ಎರಡರಷ್ಟು ಬಹುಮತ' ಎಂಬ ಸಾಲು. ಯಾರ ಮೂರನೇ ಎರಡು? ಕೋರಂ 30ಕ್ಕೆ ಇಳಿಸಿದ ಮೇಲೆ ಅದೇ 150ರಲ್ಲಿ 60 ಜನ ಬಂದು, 36 ಪರ, 15 ವಿರೋಧ, 9 ಜನ ಸುಮ್ಮನೆ ಕೂತರು ಅನ್ನಿ. ಒಟ್ಟು ಸದಸ್ಯರ ಲೆಕ್ಕಕ್ಕೆ 100 ಮತ ಬೇಕು, ಹಾಜರಿದ್ದವರ ಲೆಕ್ಕಕ್ಕೆ 40. ಎರಡರಲ್ಲೂ ಗೊತ್ತುವಳಿ ಬಿತ್ತು. ಮತ ಹಾಕಿದ 51 ಜನರ ಲೆಕ್ಕ ಹಿಡಿದರೆ 34 ಸಾಕು, ಪಾಸಾಯಿತು. 'ಹಾಜರಿದ್ದು ಮತ ಹಾಕಿದವರ' ಎಂಬ ಮೂರು ಪದ ಸೇರಿಸಿದರೆ ಕೋರ್ಟಿನ ಖರ್ಚು ಉಳಿಯುತ್ತದೆ. ಕಾಯ್ದೆಯೇ ಪ್ರಮಾಣ ಹೇಳಿದ ಕಡೆ ಮಾತ್ರ ಕಾಯ್ದೆಯದ್ದೇ ನಡೆಯುವುದು.

ಸಮಮತ ಬಂದಾಗ ಅಧ್ಯಕ್ಷರಿಗೆ ನಿರ್ಣಾಯಕ ಮತ ಕೊಟ್ಟಿದ್ದಾರೆ, ಸರಿ. ಸದಸ್ಯರಾಗಿ ಒಮ್ಮೆ ಹಾಕಿದ ಮೇಲೂ ಅದು ಉಂಟೋ ಇಲ್ಲವೋ ಬರೆದಿಲ್ಲ. ನೋಟಿಸಿಗೆ 'ಸಾಕಷ್ಟು ಮುಂಚಿತವಾಗಿ' ಎಂದಿದೆ. ನೋಟಿಸ್ ಕೊಟ್ಟ ದಿನ, ಸಭೆಯ ದಿನ ಎರಡನ್ನೂ ಬಿಟ್ಟು 14 ದಿನ ಎಂದು ಮಾಡಿಸಿ. ವಾಟ್ಸ್‌ಆ್ಯಪ್ ನೋಟಿಸ್ ನಡೆಯುತ್ತದೋ ಎಂಬುದನ್ನೂ ಅಲ್ಲೇ ಬರೆಸಿ.

ಕಾರ್ಯದರ್ಶಿ ಸಭೆ ಕರೆಯದೇ ಕೂತರೆ? ಅದಕ್ಕೂ ದಾರಿ ಇಟ್ಟಿಲ್ಲ. ಐದನೇ ಒಂದು ಭಾಗ ಸದಸ್ಯರು ವಿಷಯ ನಮೂದಿಸಿ ಲಿಖಿತವಾಗಿ ಕೇಳಿದರೆ 30 ದಿನದೊಳಗೆ ಕರೆಯಬೇಕು, ತಪ್ಪಿದರೆ ಸಹಿ ಹಾಕಿದವರೇ ಕರೆಯಬಹುದು ಎಂಬ ಕಲಂ ಬೇಕೇ ಬೇಕು. ಅದಿಲ್ಲದಿದ್ದರೆ ಮೂರನೇ ಒಂದು ಭಾಗ ಸದಸ್ಯರ ಸಹಿ ಕೂಡಿಸಿ, 1960ರ ಕಾಯ್ದೆಯ 25ನೇ ಕಲಂ ಪ್ರಕಾರ ವಿಚಾರಣೆ ಮಾಡಿ ಎಂದು ನೋಂದಣಾಧಿಕಾರಿಯ ಬಾಗಿಲು ತಟ್ಟುವ ಪಾಡು.

ಟೈಪಿಂಗಿಗೆ ಐದಕ್ಕೆ ನಾಲ್ಕು ಕೊಡಬಹುದು, ಬೈಲಾಕ್ಕೆ ಎರಡು. ತಗೊಳ್ಳುವುದಾದರೆ ಪ್ರಿಂಟ್ ತೆಗೆಸುವ ಮೊದಲು ಕರಡು ಕೇಳಿ ಪಡೆದು, ಮೇಲಿನ ಸಾಲುಗಳನ್ನು ತಿದ್ದಿಸಿ. ನೋಂದಣಿ ಆದಮೇಲೆ ಅದೇ ಸಾಲು ಬದಲಿಸಲು ಮಹಾಸಭೆ ಕರೆಯಬೇಕು, ಅದಕ್ಕೆ ಮತ್ತದೇ 100 ಜನರ ಕೋರಂ ಬೇಕು.